ಹೊಂಗೆ ಮರದಡಿ ಐದು ನಿಮಿಷ

ಕೋದಂಡಪ್ಪ ಮೇಸ್ತ್ರಿಯಾಗುವ ಮೊದಲು ಶ್ರೀರಾಮಪ್ಪನವರ ಮರದ ಡಿಪೋದಲ್ಲಿ ಬೆಳಗಿನ ಮಾತುಕತೆ ಎಂದರೆ ಒಂದು ಸಂತೆ. ಬಂಗಾರಪೇಟೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹಿಂದೆ ಇದ್ದ ಡಿಪೋ ಅದು. ವ್ಯಾಗನ್ನುಗಳಲ್ಲಿ ಬಂದ ದಿಮ್ಮಿಗಳನ್ನು ಇಳಿಸಿ, ಅಳತೆಗೆ ಕೊಯ್ದು, ಚಿನ್ನದ ಗಣಿಯೊಳಗೆ ಆಸರೆಗೆ ನಿಲ್ಲಿಸುವ ಕಂಬಗಳನ್ನು ಕಳಿಸುವುದು ಅಲ್ಲಿಯ ಕೆಲಸ. ಹದಿನಾಲ್ಕು ಜನ ಆಳುಗಳು. ಹಳೆಯ ಮೇಸ್ತ್ರಿ ದೊಡ್ಡವೆಂಕಟಪ್ಪ ದಿಮ್ಮಿಯ ಮೇಲೆ ಕೂತು ಎಲೆಯಡಿಕೆ ಸಂಚಿ ಬಿಚ್ಚಿದನೆಂದರೆ ಮುಗಿಯಿತು. ಇವತ್ತು ಯಾವ ವ್ಯಾಗನ್ ಖಾಲಿ ಮಾಡಬೇಕು ಎಂದು ಶುರುವಾದ ಮಾತು ಕಾಮಸಮುದ್ರದ ಕಡೆ ಯಾರ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋಗಿ ಕೂತಳು ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಬಿಸಿಲು ಚುರುಕಾದ ಮೇಲೆ ಯಾರೋ ಒಬ್ಬ, "ಅಲ್ಲಾ, ವ್ಯಾಗನ್ನು?" ಎನ್ನುತ್ತಿದ್ದ.

ಹನ್ನೊಂದು ವರ್ಷ ದಿಮ್ಮಿ ಉರುಳಿಸಿದ ಕೋದಂಡಪ್ಪ ಈ ಸಂತೆಯನ್ನು ಕಂಡು ಹಲ್ಲು ಕಡಿದುಕೊಂಡು ಸುಮ್ಮನಿದ್ದವನು. ಸಾವಿರದ ಒಂಬೈನೂರ ಅರವತ್ತರ ಯುಗಾದಿ ಕಳೆದ ಮೇಲೆ ದೊಡ್ಡವೆಂಕಟಪ್ಪ ಕೆಲಸ ಬಿಟ್ಟ, ಕೋದಂಡಪ್ಪ ಮೇಸ್ತ್ರಿಯಾದ. ಅವರ ಮನೆತನದಲ್ಲಿ ಹೊಲ ಉತ್ತವರಿದ್ದರು, ದನ ಮೇಯಿಸಿದವರಿದ್ದರು, ಮೇಸ್ತ್ರಿ ಅನ್ನಿಸಿಕೊಂಡವರು ಒಬ್ಬರೂ ಇರಲಿಲ್ಲ. ಹೆಂಡತಿ ಮುನಿರತ್ನಮ್ಮ ನೆರೆಯವರೊಂದಿಗೆ ಮಾತಾಡುವಾಗ ಗಂಡನನ್ನು "ನಮ್ ಮೇಸ್ತ್ರಿ" ಎಂದು ಕರೆಯತೊಡಗಿದಳು. ಮಾವ ಮದುವೆಯಲ್ಲಿ ಕೊಟ್ಟಿದ್ದ ಕೈಗಡಿಯಾರ ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿತ್ತು, ಅದೂ ಮಣಿಕಟ್ಟಿಗೆ ಬಂತು.

ಮೊದಲನೇ ದಿನವೇ ಕೋದಂಡಪ್ಪ ಎಲ್ಲರನ್ನೂ ಹೊಂಗೆ ಮರದ ಕೆಳಗೆ ನಿಲ್ಲಿಸಿದ.

"ನೋಡ್ರಪ್ಪಾ, ಇನ್ಮೇಲೆ ಯಾರೂ ಕುಂತ್ಕೊಳ್ಳೋಂಗಿಲ್ಲ. ಕುಂತ್ರೆ ಕತೆ ಬತ್ತದೆ. ನಿಂತ್ಕೊಂಡೇ ಮಾತು, ಐದೇ ನಿಮಿಷ. ನಾನು ಕೇಳ್ತೀನಿ, ಆಯ್ತಾ ಇಲ್ವಾ ಅಂತ ಒಂದೇ ಮಾತಲ್ಲಿ ಯೋಳಿ. ರಾಮಾಯಣ ಬ್ಯಾಡ."

ಹೇಳಿದಂತೆಯೇ ನಡೆಯಿತು. ಗರಗಸ? ಆಯ್ತು. ಅಳತೆ ಕೋಲು? ಐತೆ. ಎತ್ತಿನ ಗಾಡಿ? ಬತ್ತದೆ. ಗಣಿಯ ಕಡೆಯಿಂದ ಬರುವ ಬೆಳಗಿನ ಎರಡನೇ ರೈಲು ಸ್ಟೇಷನ್ನಿನಲ್ಲಿ ನಿಂತು ಉಸಿರು ಬಿಡುವಷ್ಟರಲ್ಲಿ ಆಳುಗಳು ಕೆಲಸಕ್ಕೆ ಕೈ ಹಾಕಿರುತ್ತಿದ್ದರು. ಆ ಕೂಟಕ್ಕೆ 'ಐದ್ನಿಮಿಷ' ಎಂದೇ ಹೆಸರು ಬಿತ್ತು. ಕೋಲಾರದಿಂದ ವಾರಕ್ಕೆರಡು ಸಲ ಬರುತ್ತಿದ್ದ ಸಾಹುಕಾರ ಶ್ರೀರಾಮಪ್ಪನವರು ಒಂದು ದಿನ ನಿಂತು ನೋಡಿ, "ಮಾತುಕತೆ ಅಂದ್ರೆ ಹಿಂಗಿರಬೇಕು. ನನ್ನ ಮನೇಲೂ ಇದನ್ನ ಶುರು ಮಾಡ್ತೀನಿ ಕಣಯ್ಯ" ಎಂದರು. ಕೋದಂಡಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಬಾರದೇನು, ಹನ್ನೊಂದು ವರ್ಷ ಹಲ್ಲು ಕಡಿದಿದ್ದವನು ಅವನು.

ಆ ಹದಿನಾಲ್ಕು ಜನರಲ್ಲಿ ತಮಿಳಿನವನು ದೇವಸಹಾಯಂ ಒಬ್ಬನೇ. ಗಣಿಯ ಪಕ್ಕದ ಆಂಡರ್ಸನ್‌ಪೇಟೆಯವನು, ದಿನವೂ ನಸುಕಿನ ಮೊದಲ ರೈಲಿನಲ್ಲಿ ಬಂದು ಸಂಜೆ ಹೋಗುತ್ತಿದ್ದ. ಗಣಿಯೊಳಗೆ ದುಡಿದು ಎದೆ ಕೆಡಿಸಿಕೊಂಡು ಮೇಲೆ ಬಂದವನಿಗೆ, ಮೂರು ತಿಂಗಳ ಹಿಂದೆ ಶ್ರೀರಾಮಪ್ಪನವರು ಚೈನು, ಕೊಕ್ಕೆ, ರಾಟೆಗಳ ಉಸ್ತುವಾರಿ ಕೊಟ್ಟಿದ್ದರು. ಮನೆಯಲ್ಲಿ ಎಂಟು ಜನ ಉಣ್ಣುವವರು, ದುಡಿಯುವವನು ಇವನೊಬ್ಬ. ಡಿಪೋದ ಉಳಿದವರ ಕನ್ನಡ ತೆಲುಗುಗಳ ಕಲಸುಮೇಲೋಗರ ಅವನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧವನ್ನು ನಗುವಿನಲ್ಲೇ ದಾಟಿಸುತ್ತಿದ್ದ. ಐದ್ನಿಮಿಷದಲ್ಲಿ ಮೇಸ್ತ್ರಿ ಕೇಳಿದ್ದಕ್ಕೆಲ್ಲ ಅವನ ಉತ್ತರ ಒಂದೇ: "ಆಚ್ಚು." ಆಯಿತು ಎಂದರ್ಥ. ಅಷ್ಟು ತಮಿಳು ಕೋದಂಡಪ್ಪನಿಗೂ ಗೊತ್ತಿತ್ತು. ಅಷ್ಟಕ್ಕೇ ತನಗೆ ಮೂರು ಭಾಷೆ ಬರುತ್ತದೆ ಎಂದು ಎದೆಯುಬ್ಬಿಸುತ್ತಿದ್ದ, ಅದು ಬೇರೆ ಮಾತು.

ಕಾರ್ತಿಕದ ಒಂದು ಸೋಮವಾರ ಸಂಜೆ ದೊಡ್ಡ ಚೈನಿನ ಒಂದು ಕೊಂಡಿ ಬಾಯಿ ಬಿಟ್ಟಿದ್ದು ಕಣ್ಣಿಗೆ ಬಿತ್ತು. ಕಮ್ಮಾರನನ್ನು ಕರೆದು ಸರಿ ಮಾಡಿಸು ಎಂದು ಕೋದಂಡಪ್ಪ ದೇವಸಹಾಯನಿಗೆ ಹೇಳಿದ. ಮಾರನೆಯ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಸರದಿ ಅವನಿಗೆ ಬಂತು.

"ದೊಡ್ಡ ಚೈನು ಆಯ್ತಾ?"

"ಆಗಲೆ" ಎಂದ ದೇವಸಹಾಯಂ.

ಕೋದಂಡಪ್ಪನ ಮುಖ ಅರಳಿತು. ಮೂರು ತಿಂಗಳಿಂದ ಆಚ್ಚು ಆಚ್ಚು ಎನ್ನುತ್ತಿದ್ದವನು ಇವತ್ತು ಅಚ್ಚಕನ್ನಡದಲ್ಲಿ 'ಆಗಲೇ' ಎನ್ನುತ್ತಿದ್ದಾನೆ, ಆಗಲೇ ಆಗಿಹೋಯಿತು ಎನ್ನುತ್ತಿದ್ದಾನೆ. ಅವನ ಬೆನ್ನು ತಟ್ಟಿ, "ಪರ್ವಾಗಿಲ್ಲ ಕಣಯ್ಯ, ಪರ್ವಾಗಿಲ್ಲ" ಎಂದು ಮೆಚ್ಚಿಕೊಂಡ. ದೇವಸಹಾಯಂ ಒಂದು ಗಳಿಗೆ ಮೇಸ್ತ್ರಿಯ ಮುಖವನ್ನೇ ನೋಡಿ, ಆಮೇಲೆ ನಿರಾಳವಾಗಿ ನಕ್ಕ. ಪಕ್ಕದಲ್ಲಿದ್ದ ಇನ್ನೊಬ್ಬ ಆಳು ಆದಿನಾರಾಯಣ ಒಂದು ಸಲ ಕೆಮ್ಮಿದ. ಕೋದಂಡಪ್ಪ ಗಡಿಯಾರ ನೋಡಿಕೊಂಡ. ನಾಲ್ಕೂವರೆ ನಿಮಿಷ.

"ನಡೀರಿ ಮತ್ತೆ" ಎಂದ.

ಒಂಬತ್ತು ಗಂಟೆಯ ಹೊತ್ತಿಗೆ ವ್ಯಾಗನ್ನಿನಿಂದ ಮತ್ತಿಮರದ ದಿಮ್ಮಿಯೊಂದನ್ನು ದೊಡ್ಡ ಚೈನಿಗೆ ಕಟ್ಟಿ ಎತ್ತಿದರು. ಆಳೆತ್ತರಕ್ಕೆ ಏರುವ ಮೊದಲೇ ಅದೇ ಕೊಂಡಿ ಕಳಚಿಕೊಂಡಿತು. ದಿಮ್ಮಿ ಬಿದ್ದು ಉರುಳಿತು. ಎಲ್ಲರೂ ಹಾರಿ ತಪ್ಪಿಸಿಕೊಂಡರು, ಆದಿನಾರಾಯಣನ ಎಡಗಾಲು ಮಾತ್ರ ಸಿಕ್ಕಿಕೊಂಡಿತು. ಅವನು ಕೂಗಿದ್ದು ಸ್ಟೇಷನ್ನಿನಲ್ಲಿ ಟಿಕೆಟ್ಟಿಗೆ ನಿಂತಿದ್ದವರಿಗೂ ಕೇಳಿಸಿತಂತೆ. ಜನ ಅವನನ್ನು ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಿರುವಾಗ, ಇತ್ತ ಕಡೆಯಿಂದ ದೇವಸಹಾಯಂ ಕಮ್ಮಾರನನ್ನು ಕರೆದುಕೊಂಡು ಡಿಪೋದೊಳಕ್ಕೆ ಬಂದ.

ಅದು ಅವನಿಗೇ ಮುಳುವಾಯಿತು. ಮಧ್ಯಾಹ್ನ ಶ್ರೀರಾಮಪ್ಪನವರು ಬಂದು ಆಫೀಸಿನ ಕೋಣೆಗೆ ಅವನನ್ನೂ ಮೇಸ್ತ್ರಿಯನ್ನೂ ಕರೆಸಿಕೊಂಡರು.

"ಬೆಳಿಗ್ಗೆ ಆಗಿದೆ ಅಂತ ಸುಳ್ಳು ಹೇಳಿ, ಆಮೇಲೆ ಕದ್ದು ಕಮ್ಮಾರನ ಹತ್ತಿರ ಓಡಿದ್ದೀಯ. ಚೈನಿನ ವಿಷಯ ಮೇಸ್ತ್ರಿ ಕೇಳಿದಾಗ ಏನಂದೆ? ಕತೆ ಬೇಡ, ಒಂದೇ ಮಾತು ಹೇಳು."

"ನಾನು ಆಗಲೆ ಅಂತಾನೇ ಸಾಮಿ ಯೋಳಿದ್ದು" ಎಂದ ದೇವಸಹಾಯಂ, ಕೈಮುಗಿದುಕೊಂಡು.

"ನೋಡಿದೆಯಾ ಕೋದಂಡಪ್ಪ? ಅವನ ಬಾಯಲ್ಲೇ ಬಂತು."

"ಮೇಸ್ತ್ರಿ ಪರ್ವಾಗಿಲ್ಲ ಅಂದ್ರು..." ಎಂದು ದೇವಸಹಾಯಂ ಇನ್ನೇನೋ ಹೇಳಲು ಹೋದ. ಶ್ರೀರಾಮಪ್ಪನವರು ಸಾಕು ಎಂಬಂತೆ ಕೈ ಎತ್ತಿದರು. ಎಂಥ ಮನುಷ್ಯನಪ್ಪ, ನಾನು ಮೆಚ್ಚಿಕೊಂಡ ಮಾತನ್ನೇ ಈಗ ಅಡ್ಡ ಹಿಡಿಯುತ್ತಿದ್ದಾನಲ್ಲ ಎಂದು ಕೋದಂಡಪ್ಪನಿಗೂ ಮೈ ಉರಿಯಿತು. ಶನಿವಾರ ಎಲ್ಲರ ಮುಂದೆ ತೀರ್ಮಾನ ಹೇಳುತ್ತೇನೆ, ಅಲ್ಲಿಯವರೆಗೆ ಡಿಪೋಗೆ ಕಾಲಿಡಬೇಡ ಎಂದು ಸಾಹುಕಾರರು ಅವನನ್ನು ಕಳಿಸಿದರು. ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿತ್ತು. ಸುಳ್ಳುಗಾರ ಎಂದು ಹೊರಗೆ ಹಾಕಿಸಿಕೊಂಡವನನ್ನು ಬಂಗಾರಪೇಟೆಯಲ್ಲಾಗಲಿ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಶುಕ್ರವಾರ ಬೆಳಿಗ್ಗೆ ಕೋದಂಡಪ್ಪ ಸ್ಟೇಷನ್ನಿನ ಎದುರಿನ ಪಾಪಕ್ಕನ ಹೋಟೆಲಿಗೆ ಹೋದ. ಹೋಟೆಲೆಂದರೆ ಎರಡು ಬೆಂಚು, ಒಂದು ಒಲೆ. ಪಾಪಕ್ಕ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಳು. ಒಲೆಯ ಮುಂದೆ ಕೂತಿದ್ದವಳು ಹೊಸ ಸೊಸೆ, ಗಣಿಯ ಕಡೆಯಿಂದ ತಂದ ಹುಡುಗಿ.

"ಇಡ್ಲಿ ಆಯ್ತೇನಮ್ಮ?"

"ಆಗಲೆ ಅಣ್ಣಾ" ಎಂದಳು ಹುಡುಗಿ.

ಕೋದಂಡಪ್ಪ ಕೈ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂತ. ಎಲೆ ಬರಲಿಲ್ಲ. ಗಡಿಯಾರ ನೋಡಿದ. ಹುಡುಗಿ ಒಲೆ ಊದುತ್ತಲೇ ಇದ್ದಳು.

"ಏನಮ್ಮ, ಆಗಲೇ ಆಗೈತೆ ಅಂದೆ. ಎಲ್ಲಿ?"

ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟಳು. ಪಾಪಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದು ನಕ್ಕಳು.

"ಅಯ್ಯೋ ಮೇಸ್ತ್ರಣ್ಣ, ಅವಳು ಯೋಳಿದ್ದು ಇನ್ನೂ ಆಗ್ಲಿಲ್ಲ ಅಂತ. ನಮ್ ಆಗಲೇ ಬ್ಯಾರೆ, ಅವ್ರ ತಮಿಳಿನ ಆಗಲೆ ಬ್ಯಾರೆ. ಈ ವಾರದಾಗೆ ನೀನು ನಾಕನೇವ್ನು ಇಂಗೆ ಕೈ ತೊಳ್ಕೊಂಡು ಕುಂತಿದ್ದು."

ಬೇಜಾರಾಗಬಾರದೆಂದು ಹುಡುಗಿಯ ಕಡೆ ತಿರುಗಿ ಕೋದಂಡಪ್ಪ ಬಾಯಿ ಮಾತಿಗೆ ಅಂದ: "ಪರ್ವಾಗಿಲ್ಲ ಬುಡಮ್ಮ, ಪರ್ವಾಗಿಲ್ಲ."

ಅಂದ ಮಾತು ತನ್ನ ಕಿವಿಗೇ ಬಿತ್ತು. ಆಗದಿದ್ದರೂ ಚಿಂತೆಯಿಲ್ಲ ಎಂದು ಈ ಹುಡುಗಿಗೆ ಹೇಳಿದ್ದು ಯಾವ ಮಾತೋ, ಅದೇ ಮಾತನ್ನು ಮಂಗಳವಾರ ದೇವಸಹಾಯನ ಬೆನ್ನು ತಟ್ಟಿ ಹೇಳಿದ್ದ. ಚೈನು ಇನ್ನೂ ಆಗಿಲ್ಲ ಎಂದು ಅವನು ಸತ್ಯವನ್ನೇ ಹೇಳಿದ, ಪರವಾಗಿಲ್ಲ ಎಂದು ತಾನು ಅಪ್ಪಣೆ ಕೊಟ್ಟ. ಸುಳ್ಳು ಯಾರೂ ಆಡಲಿಲ್ಲ, ಒಂದು ಕಾಲು ಮುರಿಯಿತು. ಇಡ್ಲಿ ಬರುವ ಮೊದಲೇ ಕೋದಂಡಪ್ಪ ಎದ್ದು ನಡೆದ.

ಅವತ್ತೆಲ್ಲ ಅವನು ಅದನ್ನೇ ಲೆಕ್ಕ ಹಾಕಿದ. ಇದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಸುಮ್ಮನಿದ್ದರೆ ನಾಳೆ ದೇವಸಹಾಯಂ ಹೋಗುತ್ತಾನೆ, ತಾನು ಮೇಸ್ತ್ರಿಯಾಗಿ ಉಳಿಯುತ್ತಾನೆ. ಹೇಳಿದರೆ ಅವನು ಉಳಿಯುತ್ತಾನೆ, ತಾನು ಮತ್ತೆ ದಿಮ್ಮಿ ಉರುಳಿಸಬೇಕಾಗುತ್ತದೆ, ಊರಿನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಸಂಜೆ ಮುನಿರತ್ನಮ್ಮನ ಮುಂದೆ ಬಾಯಿ ಬಿಟ್ಟ. ಅವಳು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನೀವು ಮೇಸ್ತ್ರಿ ಅಂತ ನಾನೂ ಮೆರೆದೆ, ಇಲ್ಲ ಅನ್ನಲ್ಲ. ಆದ್ರೆ ಅವನ ಮನೇಲಿ ಎಂಟು ಜನ ಉಣ್ಣೋರು ಅಂತೀರಿ. ಅವ್ರ ಶಾಪ ಒತ್ಕೊಂಡು ನಮ್ಗೆ ಮುದ್ದೆ ಇಳೀತದಾ?" ಎಂದಳು. ಮತ್ತೆ ಮೊರ ಎತ್ತಿಕೊಂಡಳು.

ಶನಿವಾರ ಶ್ರೀರಾಮಪ್ಪನವರು ಬೆಳಿಗ್ಗೆಯೇ ಬಂದು ಹೊಂಗೆ ಮರದ ಕೆಳಗೆ ನಿಂತರು. ದೇವಸಹಾಯಂ ಒಂದು ಪಕ್ಕದಲ್ಲಿ ನಿಂತಿದ್ದ. ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೂ ಹೆಂಡತಿ ಎಂದಿನಂತೆ, ಐದ್ನಿಮಿಷ ಮುಗಿದ ಮೇಲೆ ಅವನು ತಿನ್ನುವ ಬೆಳಗಿನ ತಿಂಡಿಯ ಡಬ್ಬಿ ಕಟ್ಟಿಕೊಟ್ಟಿದ್ದಳು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಸಾಮಿ, ನೀವು ಯೋಳೋಕ್ಮುಂಚೆ ನಾನೊಂದು ಮಾತು ಕೇಳ್ತೀನಿ" ಎಂದ ಕೋದಂಡಪ್ಪ. ಆಮೇಲೆ ಪಕ್ಕಕ್ಕೆ ತಿರುಗಿದ. "ದೇವಸಹಾಯಂ, ತಿಂಡಿ ಆಯ್ತಾ?"

ದೇವಸಹಾಯನಿಗೆ ಬೆರಗಾಯಿತು. "ಆಗಲೆ" ಎಂದ.

"ಅವನ ತಿಂಡಿ ಆಗಲೇ ಆಗಿದೆಯಂತೆ. ಅದನ್ನೇನು ಕೇಳ್ತೀಯ, ವಿಷಯಕ್ಕೆ ಬಾ" ಎಂದರು ಶ್ರೀರಾಮಪ್ಪನವರು.

"ಆ ಡಬ್ಬಿ ಮುಚ್ಚಳ ತೆಗಿಯಪ್ಪ."

ಮುಚ್ಚಳ ತೆಗೆದರೆ ಡಬ್ಬಿ ತುಂಬ ಮುದ್ದೆ, ಅದರ ಮೇಲೆ ಸೊಪ್ಪಿನ ಸಾರು. ಒಂದು ತುತ್ತೂ ಮುರಿದಿರಲಿಲ್ಲ. ಶ್ರೀರಾಮಪ್ಪನವರು ಡಬ್ಬಿಯನ್ನು ನೋಡಿದರು, ಕೋದಂಡಪ್ಪನನ್ನು ನೋಡಿದರು, ಮತ್ತೆ ಡಬ್ಬಿಯನ್ನು ನೋಡಿದರು.

"ಅವ್ರ ಮಾತಲ್ಲಿ ಆಗಲೆ ಅಂದ್ರೆ ಆಗ್ಲಿಲ್ಲ ಅಂತ ಸಾಮಿ. ಅವತ್ತೂ ಅದನ್ನೇ ಯೋಳಿದ್ದ, ನಿಮ್ ಕೋಣೇಲೂ ಅದನ್ನೇ ಯೋಳಿದ. ಪರ್ವಾಗಿಲ್ಲ ಅಂದೋನು ನಾನು. ಕನ್ನಡ ಕಲ್ತ ಅಂತ ಮೆಚ್ಕೊಂಡು ಅಂದೆ, ಇವ್ನು ಚೈನು ಆಗ್ದಿದ್ರೂ ಚಿಂತೆಯಿಲ್ಲ ಅಂತ ತಿಳ್ಕೊಂಡ. ಒಂದೇ ಮಾತಲ್ಲಿ ಯೋಳಿ ಅಂತ ಬಾಯಿ ಕಟ್ಟಿದೋನೂ ನಾನೇ. ಕಾಲು ಮುರಿದಿದ್ದು ಇವನಲ್ಲ, ನಾನು."

ದೇವಸಹಾಯಂ ಕಣ್ಣು ಒರೆಸಿಕೊಂಡ. ಶ್ರೀರಾಮಪ್ಪನವರು, "ನೀನು ಕೆಲಸಕ್ಕೆ ಹೋಗಯ್ಯ" ಎಂದು ಅವನಿಗೆ ಹೇಳಿದರು. ಆಮೇಲೆ ಕೋದಂಡಪ್ಪನ ಕಡೆ ತಿರುಗಿದರು. "ನಿನ್ನ ತೀರ್ಮಾನ ನಾನು ಮಾಡಲ್ಲ. ಕಾಲು ಯಾರದು ಮುರೀತೋ ಅವನು ಮಾಡ್ಲಿ. ಆದಿನಾರಾಯಣ ಬರೋ ತನಕ ಇರು."

ಆದಿನಾರಾಯಣ ಬರಲು ಮೂರು ತಿಂಗಳಾಯಿತು. ಅಷ್ಟರಲ್ಲಿ ಕೋದಂಡಪ್ಪ ಐದ್ನಿಮಿಷವನ್ನು ಪೂರ್ತಿ ಬದಲಾಯಿಸಿಬಿಟ್ಟಿದ್ದ. ತಪ್ಪೆಲ್ಲ ಭಾಷೆಯದು ಎಂದು ಅವನಿಗೆ ಖಾತ್ರಿಯಾಗಿತ್ತು. ಆದ್ದರಿಂದ ಪ್ರತಿಯೊಂದು ಉತ್ತರವನ್ನೂ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ ಹೇಳಿಸುತ್ತಿದ್ದ. ಆಯ್ತು, ಅಯ್ಯಿಂದಿ, ಆಚ್ಚು. ಆಗ್ಲಿಲ್ಲ, ಕಾಲೇದು, ಆಗಲೆ. ಆಳುಗಳು ಮಗ್ಗಿ ಒಪ್ಪಿಸುವ ಶಾಲೆಯ ಮಕ್ಕಳಂತೆ ರಾಗವಾಗಿ ಹೇಳಿ, ಹಿಂದಿನಿಂದ ಮುಸಿಮುಸಿ ನಗುತ್ತಿದ್ದರು. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ಪಾಪಕ್ಕನೂ ಆಡಿಕೊಂಡಳು. ಕೋದಂಡಪ್ಪ ಮಾತ್ರ ಜಗ್ಗಲಿಲ್ಲ. ಇಷ್ಟೆಲ್ಲ ಮುಗಿದರೂ ಏಳೇ ನಿಮಿಷ ಹಿಡಿಯುತ್ತಿತ್ತು. ಗಡಿಯಾರ ನೋಡಿ ಸಮಾಧಾನಪಡುತ್ತಿದ್ದ.

ಮಾಘದ ಒಂದು ಬುಧವಾರ ಆದಿನಾರಾಯಣ ಕೋಲೂರಿಕೊಂಡು ಬಂದ. ಮಾತು ಕಡಿಮೆ ಆಡುವ ಮನುಷ್ಯ, ಕಾಮಸಮುದ್ರದ ಆಚೆಯ ತೆಲುಗು ಮನೆತನದವನು. ಎಡಗಾಲು ಊರಲು ಬರುತ್ತಿತ್ತು, ಮಡಿಸಲು ಬರುತ್ತಿರಲಿಲ್ಲ. ಕೂತು ಮಾಡುವ ಅಳತೆ ಗುರುತಿನ ಕೆಲಸವನ್ನು ಶ್ರೀರಾಮಪ್ಪನವರು ಅವನಿಗಾಗಿ ಇಟ್ಟಿದ್ದರು. ಅವತ್ತು ಅವರೂ ಬಂದು ಮರದ ಕೆಳಗೆ ನಿಂತರು. ಕೋದಂಡಪ್ಪ ನಡೆದದ್ದನ್ನು ಮತ್ತೊಮ್ಮೆ ಎಲ್ಲರ ಮುಂದೆ ಹೇಳಿ, "ಮಾತಿನ ತೊಡಕು ಕಣಪ್ಪ ಆದಿನಾರಾಯಣ. ಅವನ ಮಾತು ನಂಗೆ ತಿಳೀಲಿಲ್ಲ. ತಪ್ಪಾಯ್ತು" ಎಂದು ಕೈಮುಗಿದ.

ಆದಿನಾರಾಯಣ ಕೋಲಿನ ತುದಿಯನ್ನು ನೋಡುತ್ತ ನಿಂತಿದ್ದ.

"ನಂಗೆ ತಿಳಿದಿತ್ತು ಮೇಸ್ತ್ರಿ" ಎಂದ.

"ಏನು?"

"ಅವನು ಯೋಳಿದ್ದು. ನಮ್ಮಮ್ಮ ಕುಪ್ಪಂ ಕಡೆಯೋರು, ಚಿಕ್ಕಂದಿನಿಂದ ತಮಿಳು ಕೇಳಿದೀನಿ. ಚೈನು ಆಗ್ಲಿಲ್ಲ ಅಂತ ಅವತ್ತೇ ತಿಳೀತು."

"ತಿಳಿದೂ ಯಾಕಯ್ಯ ಬಾಯಿ ಬಿಡ್ಲಿಲ್ಲ?" ಎಂದು ಶ್ರೀರಾಮಪ್ಪನವರೇ ಕೇಳಿದರು.

"ಬಿಡೋಣ ಅಂತ ಕೆಮ್ಮಿದೆ ಸಾಮಿ. ಮೇಸ್ತ್ರಿ ವಾಚು ನೋಡ್ಕೊಂಡ್ರು." ಆದಿನಾರಾಯಣನ ದನಿಯಲ್ಲಿ ಸಿಟ್ಟಿರಲಿಲ್ಲ. "ಪರ್ವಾಗಿಲ್ಲ ಅಂದವ್ರೆ, ಅವ್ರೇ ಚೈನು ನೋಡಿರ್ತಾರೆ, ನಾನ್ಯಾಕೆ ಅವ್ರ ಐದ್ನಿಮಿಷ ಕೆಡಿಸ್ಲಿ ಅಂತ ಸುಮ್ಕಾದೆ."

ಕೋದಂಡಪ್ಪನ ಬಲಗೈ ತಾನಾಗಿ ಹೋಗಿ ಎಡ ಮಣಿಕಟ್ಟನ್ನು ಮುಚ್ಚಿಕೊಂಡಿತು. ಮೂರು ತಿಂಗಳು ಮೂರು ಭಾಷೆಯಲ್ಲಿ ಒಪ್ಪಿಸಿಕೊಂಡಿದ್ದೆಲ್ಲ ದಂಡ. ತಮಿಳು ಬಲ್ಲವನೇ ಮಾರು ದೂರದಲ್ಲಿ ಬಾಯಿ ತೆರೆಯಲು ಕಾದು ನಿಂತಿದ್ದ, ತಾನು ಗಡಿಯಾರದ ಮುಳ್ಳು ನೋಡುತ್ತಿದ್ದ. ಭಾಷೆಯ ಮೇಲೆ ಹೊರಿಸಿದ್ದ ಭಾರವೆಲ್ಲ ಮರಳಿ ಹೆಗಲಿಗೆ ಬಂತು. ಇನ್ನು ಮೇಸ್ತ್ರಿಗಿರಿ ಮುಗಿಯಿತು, ಮುಗಿಯುವುದೇ ನ್ಯಾಯ ಎನ್ನಿಸಿತು ಅವನಿಗೆ.

"ಸರಿ, ಈಗ ನೀನೇ ಹೇಳು" ಎಂದರು ಶ್ರೀರಾಮಪ್ಪನವರು. "ಇವನು ಮೇಸ್ತ್ರಿಯಾಗಿ ಇರಬೇಕೋ, ಬೇಡವೋ?"

ಆದಿನಾರಾಯಣ ಅವಸರ ಮಾಡಲಿಲ್ಲ. ಮೂರು ತಿಂಗಳು ಮಲಗಿದ್ದವನಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತ್ತೇನೋ.

"ಇರ್ಲಿ ಸಾಮಿ. ಇವ್ರು ಕಲ್ತವ್ರೆ. ಒಸಬ್ರು ಬಂದ್ರೆ, ಅವ್ರು ಕಲಿಯೋಕೆ ಇನ್ನೊಬ್ಬರ ಕಾಲು ಬೇಕಾಯ್ತದೆ."

ಶ್ರೀರಾಮಪ್ಪನವರು ತಲೆಯಾಡಿಸಿ ಆಫೀಸಿನ ಕಡೆ ನಡೆದರು.

ಮರುದಿನ ಬೆಳಿಗ್ಗೆ ಎಲ್ಲರೂ ಮರದಡಿ ಸೇರಿದಾಗ ಕೋದಂಡಪ್ಪನ ಮಣಿಕಟ್ಟು ಬರಿದಾಗಿತ್ತು. ಗರಗಸ ಕೇಳಿದ, ಗಾಡಿ ಕೇಳಿದ. ಚೈನಿನ ವಿಷಯ ಬಂದಾಗ ದೇವಸಹಾಯಂ ಬಾಯಿ ಮಾತಿನಲ್ಲಿ ಹೇಳದೆ ಚೈನನ್ನೇ ಎಳೆದು ತಂದು ಮುಂದೆ ಹಾಕಿದ. ಎಲ್ಲ ಮುಗಿದ ಮೇಲೆ ಕೋದಂಡಪ್ಪ ಹಿಂದೆಂದೂ ಕೇಳದಿದ್ದ ಒಂದು ಮಾತು ಕೇಳಿದ.

"ಇನ್ಯಾರಿಗಾದ್ರೂ ಏನಾದ್ರೂ ಯೋಳೋದು ಐತಾ?"

ಯಾರೂ ಮಾತಾಡಲಿಲ್ಲ. ಅಭ್ಯಾಸವಿಲ್ಲವಲ್ಲ, ಪಾಪ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋದಂಡಪ್ಪ ಕಾದ. ಗಣಿಯ ಎರಡನೇ ರೈಲು ಬಂದು ನಿಂತಿತು, ಜನ ಇಳಿದರು, ಜನ ಹತ್ತಿದರು. ನಡೀರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ರೈಲು ಹೊರಟು ಹೋಯಿತು. ಆಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಆದಿನಾರಾಯಣ.

"ಒಂದ್ ಮಾತು ಐತೆ ಮೇಸ್ತ್ರಿ. ಸ್ವಲ್ಪ ಉದ್ದ ಆಯ್ತದೆ."

"ಆಗ್ಲಿ ಬುಡು" ಎಂದ ಕೋದಂಡಪ್ಪ. ಅವನಿಗೊಂದು ದಿಮ್ಮಿ ತೋರಿಸಿ, ತಾನೂ ಎದುರಿನ ದಿಮ್ಮಿಯ ಮೇಲೆ ಕೂತುಕೊಂಡ.